ಏಳು ಹಾಸಿಗೆಗಳ ಚಿಕಿತ್ಸಾಲಯ

ಗುದಸಂಬಂಧಿಯಾದ ವ್ಯಾಧಿಗಳನ್ನು ಬಾಯಿಬಿಟ್ಟು ಹೇಳಲು ರೋಗಿಯೂ, ಆಲಿಸಲು ವೈದ್ಯನೂ ಸಂಕೋಚಪಡುತ್ತಿದ್ದ ಕಾಲದಲ್ಲಿ, 1835ರಲ್ಲಿ, ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯನು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಇಂತಹ ರೋಗಪೀಡಿತರಾದ ಬಡವರಿಗೆಂದೇ ಏಳು ಹಾಸಿಗೆಗಳ ಚಿಕಿತ್ಸಾಲಯವೊಂದನ್ನು ತೆರೆದನು. ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯೆಂದು ವಿಖ್ಯಾತವಾದುದು ಇದೇ.

ಅಲ್ಲಿ ರೋಗಶಾಸ್ತ್ರಜ್ಞನಾಗಿದ್ದ ಕತ್ಬರ್ಟ್ ಡ್ಯೂಕ್ಸ್, ಶಸ್ತ್ರಕ್ರಿಯೆಯಲ್ಲಿ ಕತ್ತರಿಸಿ ತೆಗೆದ ಕರುಳಿನ ಭಾಗಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಮೂರು ವರ್ಗಗಳಾಗಿ ವಿಂಗಡಿಸಿದನು: ಕರುಳಿನ ಭಿತ್ತಿಯೊಳಗೇ ಅಡಗಿರುವುದು ‘ಎ’, ಭಿತ್ತಿಯನ್ನು ಭೇದಿಸಿ ಹೊರಬಂದುದು ‘ಬಿ’, ದುಗ್ಧಗ್ರಂಥಿಗಳನ್ನು ವ್ಯಾಪಿಸಿದುದು ‘ಸಿ’. ರೋಗಿಯ ಆಯುಸ್ಸು ರೋಗವು ಎಷ್ಟು ದೂರ ಹಬ್ಬಿದೆಯೆಂಬುದನ್ನು ಅವಲಂಬಿಸಿದೆಯೆಂಬ ಸತ್ಯವು ಇದರಿಂದ ಸ್ಥಿರಪಟ್ಟಿತು.

ಕರುಳಿನ ಒಳಪದರದಲ್ಲಿ ಮೊಳೆಯುವ ಪಾಲಿಪ್‌ಗಳಲ್ಲಿ ಕೆಲವು ಹಲವು ವರ್ಷಗಳಲ್ಲಿ ಕ್ಯಾನ್ಸರಾಗಿ ಮಾರ್ಪಡುವುವೆಂದು ತಿಳಿದ ಬಳಿಕ ವೈದ್ಯರ ಲಕ್ಷ್ಯವು ನಿವಾರಣೆಯತ್ತ ತಿರುಗಿತು; 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು, ಹೊಟ್ಟೆಯನ್ನು ಸೀಳದೆಯೇ, ದೊಡ್ಡ ಕರುಳನ್ನು ಒಳಗಿನಿಂದ ನೋಡುವ ನಳಿಕೆಯಾದ ಕೊಲೊನೋಸ್ಕೋಪಿನ ಮೂಲಕ ತೂರಿಸಿದ ತಂತಿಯ ಕುಣಿಕೆಯಿಂದ ಪಾಲಿಪನ್ನು ತೆಗೆಯುವ ವಿಧಾನವನ್ನು ಬಳಕೆಗೆ ತಂದರು.

ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಬಹುದಿನದ ವ್ಯತ್ಯಾಸ, ಕಾರಣ ತಿಳಿಯದ ರಕ್ತಹೀನತೆ ಇವುಗಳನ್ನು ಮೂಲವ್ಯಾಧಿಯೆಂದು ತಾನೇ ನಿರ್ಣಯಿಸಿಕೊಂಡು ಸುಮ್ಮನಿರುವವನು, ರೋಗವು ‘ಎ’ಯಿಂದ ‘ಸಿ’ಗೆ ಸಾಗಲು ತಾನಾಗಿಯೇ ಅವಕಾಶವನ್ನು ಕೊಡುತ್ತಿರಬಹುದು.