ಹಳೇ ಪಿಕಪ್‌ಗೆ ‘ಒಂದು ಪ್ಲೇಟು ಜಾಸ್ತಿ’ ಹಾಕಿದರೆ ಸಾಕೇ? ಇಲ್ಲಿದೆ ವಾಸ್ತವ

ಅಜ್ಜನ ಕಾಲದ ಜೀಪ್ ಪಿಕಪ್ ಹಿಂದೆ ಕುಸಿದಿದೆ. ಅದೇ ಕಂಪನಿಯ ಹೊಸ ಭಾಗ ಸಿಗುತ್ತಿಲ್ಲ. ಆಗ ನಾಲ್ಕು ಕಡೆಯಿಂದ ನಾಲ್ಕು ಸಲಹೆ ಬರುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ಅಪಾಯ ಎಂದು ನೋಡೋಣ.

ಹೇಳಿಕೆ 1: ಗಾಡಿ ಕುಸಿದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರ್ಥ
ತಪ್ಪು. ಇಂಥ ಗಾಡಿಗಳಲ್ಲಿ ಭಾರ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಶಾಕ್ ಅಬ್ಸಾರ್ಬರ್ ಕೆಲಸ ಕುಣಿತವನ್ನು ತಡೆಯುವುದು ಮಾತ್ರ. ಗುಂಡಿ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇದ್ದರೆ ಶಾಕ್ ನೋಡಿ. ನಿಂತಲ್ಲೇ ಒಂದು ಕಡೆ ವಾಲಿದ್ದರೆ ಪ್ಲೇಟು ನೋಡಿ.

ಹೇಳಿಕೆ 2: ದಪ್ಪ ಪ್ಲೇಟು ಹಾಕಿದರೆ ಗಾಡಿ ಗಟ್ಟಿ
ಅರ್ಧ ಸತ್ಯ. ಪ್ಲೇಟಿನ ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟಾಗುತ್ತದೆ. 6 ಮಿ.ಮೀ. ಬದಲು 7 ಮಿ.ಮೀ. ಹಾಕಿದರೂ ಆ ಪ್ಲೇಟಿನ ಬಿಗಿತ ಸುಮಾರು 1.6 ಪಟ್ಟು. ಸ್ಪ್ರಿಂಗ್ ಅತಿ ಬಿಗಿಯಾದರೆ ಖಾಲಿ ಗಾಡಿಯ ಹಿಂಭಾಗ ಹಾರುತ್ತದೆ, ಚಕ್ರ ರಸ್ತೆ ಬಿಡುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಪ್ಲೇಟು ಹೆಚ್ಚಾದರೂ ಆಕ್ಸಲ್, ಬ್ರೇಕ್, ಟೈರ್ ಹಳೆಯವೇ. ಆದ್ದರಿಂದ ಹೊರುವ ಮಿತಿ ಆರ್‌ಸಿಯಲ್ಲಿ ಇರುವಷ್ಟೇ.

ಹೇಳಿಕೆ 3: ಕಾಯಿಸಿ ಬಗ್ಗಿಸಿದರೆ ಹೊಸದರಂತೆ ಆಗುತ್ತದೆ
ಗ್ಯಾಸ್ ಬೆಂಕಿಯಲ್ಲಿ ಅಲ್ಲಲ್ಲಿ ಕಾಯಿಸಿದರೆ ಖಂಡಿತ ಇಲ್ಲ. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಿರುತ್ತಾರೆ. ಆ ಹದ ಕೆಟ್ಟರೆ ಪ್ಲೇಟು ಬೇಗ ಮತ್ತೆ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಪೂರ್ತಿ ಹದ ಮಾಡಿಕೊಡುವ ಸ್ಪ್ರಿಂಗ್ ವರ್ಕ್‌ಶಾಪ್ ಆದರೆ ಸರಿ. ಮುರಿದ ಪ್ಲೇಟಿಗೆ ವೆಲ್ಡಿಂಗ್ ಬೇಡವೇ ಬೇಡ. ಆಕ್ಸಲ್ ಅನ್ನು ಜಾಗದಲ್ಲಿ ಹಿಡಿದಿಡುವುದು ಮೇನ್ ಪ್ಲೇಟು. ಅದು ಓಡುವಾಗ ತುಂಡಾದರೆ ಆಕ್ಸಲ್ ಸರಿದು ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಹೇಳಿಕೆ 4: ಹಳೇ ಗಾಡಿಗೆ ಪಾರ್ಟ್ಸ್ ಸಿಗುವುದೇ ಇಲ್ಲ
ಕಂಪನಿ ಹೆಸರು ಹಿಡಿದು ಹುಡುಕಿದರೆ ಸಿಗದಿರಬಹುದು. ಅಳತೆ ಹಿಡಿದು ಹುಡುಕಿದರೆ ಹಲವು ಬಾರಿ ಸಿಗುತ್ತದೆ, ಇಲ್ಲವೇ ಮಾಡಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವ ಮುನ್ನ ಇವನ್ನು ಬರೆದುಕೊಳ್ಳಿ:

• ಮೇನ್ ಪ್ಲೇಟಿನ ಒಂದು ಕಣ್ಣಿನ ಮಧ್ಯದಿಂದ ಇನ್ನೊಂದು ಕಣ್ಣಿನ ಮಧ್ಯಕ್ಕೆ ಇರುವ ಉದ್ದ. ಟೇಪನ್ನು ಬಾಗಿನ ಮೇಲೇ ಹಿಡಿಯಿರಿ. ನೇರ ಅಳೆದರೆ ಲೆಕ್ಕ ತಪ್ಪುತ್ತದೆ.
• ಸೆಂಟರ್ ಬೋಲ್ಟ್‌ನಿಂದ ಪ್ರತಿ ಕಣ್ಣಿಗೆ ಇರುವ ದೂರ. ಎರಡೂ ಸಮ ಇರಬೇಕೆಂದಿಲ್ಲ.
• ಪ್ಲೇಟುಗಳ ಸಂಖ್ಯೆ, ಅಗಲ, ಪ್ರತಿಯೊಂದರ ದಪ್ಪ.
• ಕಣ್ಣಿನ ಒಳ ಅಳತೆ, ಬುಷ್, ಸೆಂಟರ್ ಬೋಲ್ಟ್ ಮತ್ತು ಯು-ಬೋಲ್ಟ್ ಅಳತೆ.
• ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದಾಗ ಮತ್ತು ಒತ್ತಿದಾಗಿನ ಉದ್ದ, ಎರಡೂ ತುದಿಯ ಫೋಟೊ.

ಎಡ-ಬಲ ಎರಡನ್ನೂ ಅಳೆಯಿರಿ. ಕೆಲವು ಗಾಡಿಗಳಲ್ಲಿ ಎರಡೂ ಒಂದೇ ಆಗಿರುವುದಿಲ್ಲ.

ವಿಲ್ಲೀಸ್ ಜೀಪ್ ಇದ್ದವರಿಗೆ
ಭಾರತದಲ್ಲಿ ಮಹೀಂದ್ರ 1940ರ ದಶಕದ ಕೊನೆಯಲ್ಲಿ ಜೋಡಿಸಲು ಆರಂಭಿಸಿದ್ದು ಅಮೆರಿಕದ ವಿಲ್ಲೀಸ್ ಜೀಪುಗಳನ್ನು. ಅವುಗಳ ಅಳತೆ ಇಂಚಿನಲ್ಲಿ. ಹಳೇ ವಿಲ್ಲೀಸ್ ಜೀಪಿನ ಪ್ಲೇಟಿನ ಅಗಲ 1¾ ಇಂಚು, ಅಂದರೆ ಸುಮಾರು 44.5 ಮಿ.ಮೀ. ಮಿಲಿಮೀಟರ್ ಬೋಲ್ಟನ್ನು ಇಂಚಿನ ಥ್ರೆಡ್‌ಗೆ ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಪ್ಲೇಟನ್ನು ಚಾಸಿಗೆ ಜೋಡಿಸುವ ಯು-ಶ್ಯಾಕಲ್‌ಗಳಲ್ಲಿ ಕೆಲವಕ್ಕೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚುವ ಮುನ್ನ ನೋಡಿಕೊಳ್ಳಿ.

ಕೊನೆಯದಾಗಿ
ಪ್ಲೇಟು ಬದಲಿಸುವಾಗ ಎರಡೂ ಪಕ್ಕ ಒಟ್ಟಿಗೆ ಬದಲಿಸಿ. ಯು-ಬೋಲ್ಟ್ ಹೊಸದೇ ಇರಲಿ. ಹಳೆಯದು ಒಮ್ಮೆ ಬಿಗಿದಾಗ ಹಿಗ್ಗಿರುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ.

ನಮ್ಮ ನಿರ್ಣಯ: ‘ಒಂದು ಪ್ಲೇಟು ಜಾಸ್ತಿ’ ಪರಿಹಾರವಲ್ಲ, ಸರಿಯಾದ ಅಳತೆಯೇ ಪರಿಹಾರ. ಹಳೇ ಗಾಡಿ ಇಟ್ಟುಕೊಂಡಿರುವ ನಿಮ್ಮ ಪರಿಚಯದವರಿಗೆ ಇದನ್ನು ಕಳುಹಿಸಿ.