ಎಂಜಿನ್ನು ಬದಲಿಸಿದರೆ ಸಾಕೆ?

ನಮ್ಮ ತಂದೆಯವರ ಹಳೆಯ ಸ್ಕೂಟರು ಒಮ್ಮೆ ದೆಹಲಿಯ ನಡುರಸ್ತೆಯಲ್ಲಿ ಎಂಜಿನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಪಿಸ್ಟನ್ ಬದಲಿಸಿ, ಬೋರು ಮಾಡಿಸಿ ಮನೆಗೆ ತಂದೆವು. ಎರಡು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಆಗ ಮಿಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಪೆಟ್ರೋಲಿಗೆ ಆಯಿಲ್ ಸೇರಿಸಿದ್ದಿರಾ?" ಎರಡು ಸಲವೂ ಮರೆತವರು ನಾವೇ. ಸತ್ತ ಎಂಜಿನ್ನನ್ನು ಬದಲಿಸಿದ್ದೆವು, ಸತ್ತದ್ದೇಕೆಂದು ಕೇಳಿರಲಿಲ್ಲ.

2011ರಿಂದ 2013ರವರೆಗೆ ನಮ್ಮ ದೆಹಲಿಯ ಮಗ್ಗುಲಿನ ಗ್ರೇಟರ್ ನೋಯ್ಡಾದಲ್ಲಿ ಫಾರ್ಮುಲಾ ಒನ್ ಪಂದ್ಯಗಳು ನಡೆದುದನ್ನು ವಾಚಕರು ಬಲ್ಲರು. ಆ ಶ್ರೀಮಂತ ಕ್ರೀಡೆಯ ಇತಿಹಾಸವನ್ನು ನೋಡಿದರೆ, ಅದೂ ನಮ್ಮ ಮಿಸ್ತ್ರಿಯ ಪಾಠವನ್ನೇ ಬಲು ದುಬಾರಿ ಬೆಲೆ ತೆತ್ತು ಕಲಿತಿದೆ.

ಎಂಜಿನ್ನು ಒಡೆಯುವುದಾದರೂ ಹೇಗೆ? ಸಾಮಾನ್ಯ ಕಾರಿನಲ್ಲಿ ಎಣ್ಣೆ ತಳದ ತೊಟ್ಟಿಯಲ್ಲಿ ನಿಂತಿರುತ್ತದೆ. ವೇಗವಾಗಿ ತಿರುವು ಹೊಡೆದಾಗ ಅದೆಲ್ಲ ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತದೆ. ಬೇರಿಂಗು ಒಣಗುತ್ತದೆ, ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ತೂತು ಮಾಡುತ್ತದೆ. ಇದಕ್ಕಾಗಿಯೇ ಪಂದ್ಯದ ಕಾರುಗಳಲ್ಲಿ ಎಣ್ಣೆಗೆ ಬೇರೆಯೇ ಒಂದು ಟ್ಯಾಂಕು. ಒಡೆದುಹೋದ ಮೇಲೆ ಹೊಸದನ್ನು ಕೂರಿಸುವಾಗ ಎಣ್ಣೆಯ ಕೊಳವೆ, ಕೂಲರುಗಳಲ್ಲಿ ಹಳೆಯದರ ಲೋಹದ ಚೂರು ಉಳಿದಿದ್ದರೆ, ಹೊಸದಕ್ಕೂ ಅದೇ ಗತಿ.

1967ರಲ್ಲಿ ಹಾಲೆಂಡಿನ ಜಾಂಡ್‌ವೂರ್ಟಿನಲ್ಲಿ ಕಾಸ್‌ವರ್ತ್ ಡಿಎಫ್‌ವಿ ಎಂಬ 3 ಲೀಟರಿನ, 8 ಸಿಲಿಂಡರಿನ ಎಂಜಿನ್ನು ಮೊದಲ ಬಾರಿಗೆ ಕಣಕ್ಕಿಳಿಯಿತು. ಲೋಟಸ್ 49 ಕಾರಿನಲ್ಲಿ ಚಾಲಕನ ಹಿಂದೆ ಚೌಕಟ್ಟೇ ಇರಲಿಲ್ಲ, ಎಂಜಿನ್ನೇ ಚೌಕಟ್ಟು. ಬೋಲ್ಟು ಬಿಚ್ಚಿದರೆ ಕಾರು ಎರಡು ಹೋಳು. ಆ ದಿನ ಜಿಮ್ ಕ್ಲಾರ್ಕ್ ಗೆದ್ದರು. ಅದೇ ತಂಡದ ಗ್ರಹಾಂ ಹಿಲ್ ಅವರ ಕಾರು ಟೈಮಿಂಗ್ ಗಿಯರು ಮುರಿದು ನಿಂತಿತು. ವಿನ್ಯಾಸಕಾರ ಕೀತ್ ಡಕ್‌ವರ್ತ್ ಮುರಿದ ಗಿಯರುಗಳನ್ನು ಬದಲಿಸುತ್ತಲೇ ಕೂರಲಿಲ್ಲ. ಎಂಜಿನ್ನಿನೊಳಗಿನ ಕಂಪನವೇ ರೋಗಮೂಲವೆಂದು ಪತ್ತೆಹಚ್ಚಿ, ಅದನ್ನು ತಾಳಿಕೊಳ್ಳುವಂತೆ ತಿರುಚಿಕೊಳ್ಳಬಲ್ಲ ಸಣ್ಣ ಸಲಾಕೆಗಳಿರುವ ಗಿಯರನ್ನು ರೂಪಿಸಿದರು. ಈ ಎಂಜಿನ್ ವಂಶ 1983ರವರೆಗೆ 155 ಪಂದ್ಯಗಳನ್ನು ಗೆದ್ದಿತು.

ಆಮೇಲೆ ಬಂದದ್ದು ಟರ್ಬೊ ಯುಗ, ದುಂದುಗಾರಿಕೆಯ ಯುಗ. 1983ರಲ್ಲಿ ನೆಲ್ಸನ್ ಪಿಕೆ ಅವರಿಗೆ ಚಾಂಪಿಯನ್ ಪಟ್ಟ ತಂದ ಬಿಎಂಡಬ್ಲ್ಯು ಟರ್ಬೊ ಕೇವಲ 1.5 ಲೀಟರಿನದು. 1986ರ ವೇಳೆಗೆ ಅರ್ಹತಾ ಸುತ್ತಿಗೇ ಒಂದು ಎಂಜಿನ್ನು, ಪಂದ್ಯಕ್ಕೆ ಇನ್ನೊಂದು. ಕೆಲವೇ ಸುತ್ತು ಓಡಿದ ಎಂಜಿನ್ನಿನ ಆಯುಷ್ಯ ಅಲ್ಲಿಗೆ ಮುಗಿಯಿತು! ಒಂದು ಟೇಬಲ್ ಫ್ಯಾನಿಗೂ ಮಂಜೂರಾತಿ ಬೇಡಿ ಫೈಲು ಹೊತ್ತು ತಿರುಗುವ ನಮ್ಮಂಥ ಗುಮಾಸ್ತರಿಗೆ ಇದನ್ನು ಕೇಳಿಯೇ ತಲೆ ತಿರುಗುತ್ತದೆ.

ಕೊನೆಗೆ ನಿಯಮವೇ ಕಡಿವಾಣ ಹಾಕಿತು. 2004ರಲ್ಲಿ ಒಂದು ಪಂದ್ಯದ ಮೂರು ದಿನಕ್ಕೂ ಒಂದೇ ಎಂಜಿನ್ನು. 2005ರಲ್ಲಿ ಎರಡು ಪಂದ್ಯಗಳಿಗೆ ಒಂದು, ಮೊದಲೇ ಬದಲಿಸಿದರೆ ಪ್ರಾರಂಭದ ಸಾಲಿನಲ್ಲಿ 10 ಸ್ಥಾನ ಹಿಂದಕ್ಕೆ. ಆ ವರ್ಷ ಈ ದಂಡಕ್ಕೆ ಮತ್ತೆ ಮತ್ತೆ ಗುರಿಯಾದ ಕಿಮಿ ರೈಕೊನೆನ್ ಅವರಿಗೆ ಚಾಂಪಿಯನ್ ಪಟ್ಟ ದಕ್ಕಲಿಲ್ಲ. 2009ರಲ್ಲಿ ಒಬ್ಬ ಚಾಲಕನಿಗೆ ವರ್ಷಕ್ಕೆ 8, 2014ರಲ್ಲಿ 5, 2018ರಲ್ಲಿ 3 ಎಂಜಿನ್ನುಗಳು. ಬದಲಿಸುವ ದಾರಿ ಕಿರಿದಾದಂತೆ ಬಾಳಿಕೆಯ ವಿದ್ಯೆ ಬೆಳೆಯಿತು.

ಹಾಗೆಂದು ಎಂಜಿನ್ನು ಒಡೆಯುವುದು ನಿಂತೇಹೋಯಿತೆ? ಇಲ್ಲ. 2016ರಲ್ಲಿ ಮಲೇಷ್ಯಾದ ಸೆಪಾಂಗಿನಲ್ಲಿ ಮುನ್ನಡೆಯಲ್ಲಿದ್ದ ಲೂಯಿಸ್ ಹ್ಯಾಮಿಲ್ಟನ್ ಅವರ ಎಂಜಿನ್ನು ಹೊತ್ತಿ ಉರಿಯಿತು. ಗೆಲುವಿಗೆ 25 ಅಂಕ. ವರ್ಷದ ಕೊನೆಗೆ ಅವರು ಚಾಂಪಿಯನ್ ಪಟ್ಟ ಕಳೆದುಕೊಂಡದ್ದು ಕೇವಲ 5 ಅಂಕಗಳಿಂದ, 385ಕ್ಕೆ 380. ತನಿಖೆಯಲ್ಲಿ ಸಿಕ್ಕ ಕಾರಣವೇನು? ಎಣ್ಣೆಯ ಒತ್ತಡ ಕುಸಿದು ಬೇರಿಂಗು ಹೋಗಿತ್ತು!

ನಮ್ಮ ಸ್ಕೂಟರೆಲ್ಲಿ, ಆ ಕಾರೆಲ್ಲಿ! ಆದರೂ ಎರಡೂ ಸೋತದ್ದು ಎಣ್ಣೆ ತಲುಪದೆ. ಹೊಸ ಎಂಜಿನ್ನನ್ನು ದುಡ್ಡು ಕೊಟ್ಟು ತರಬಹುದು. ಹಳೆಯದು ಯಾಕೆ ಹೋಯಿತೆಂಬುದನ್ನು ಮಾತ್ರ ಬಿಚ್ಚಿ, ಕೈ ಕೊಳೆ ಮಾಡಿಕೊಂಡೇ ತಿಳಿಯಬೇಕು.