ಹೆಗಲ ಮೇಲಿನ ಕೈ

ಹಳೇಬೀಡಿಗೆ ವೀಕೆಂಡ್ ಟ್ರಿಪ್ ಹೋದವರು ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬರ್ತಾರೆ. ಪಕ್ಕದಲ್ಲೇ ಇರುವ ಗರುಡಗಂಬದ ಹತ್ತಿರ ಹೋಗುವವರು ಕಡಿಮೆ. ಹೋಗಿ ನೋಡಿ, ಅದರ ಮೇಲೆ ಗಂಡಸರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಕೊಟ್ಟ ಮಾತಿನಂತೆ, ಹೆಂಡತಿ ಸುಗ್ಗಲದೇವಿ ಮತ್ತು ಜೊತೆಗಾರರ ಸಮೇತ ಪ್ರಾಣ ಬಿಟ್ಟ. ಇಂಥವರನ್ನು ಗರುಡರು ಅಂತ ಕರೆಯುತ್ತಿದ್ದರು.

ಅದು ಸ್ವಾಮಿನಿಷ್ಠೆ ಕಣ್ರೀ, ಸ್ನೇಹ ಅಲ್ಲ ಅನ್ನಬಹುದು. ಇರಲಿ. ಒಬ್ಬ ಗಂಡಸು ಇನ್ನೊಬ್ಬನನ್ನು ಜೀವ ಕೊಡುವಷ್ಟು ಹಚ್ಚಿಕೊಂಡಿದ್ದನ್ನು ನಮ್ಮ ಜಿಲ್ಲೆ ಕಲ್ಲಲ್ಲಿ ಕೆತ್ತಿ ನಿಲ್ಲಿಸಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಂತೂ ಗೊಮ್ಮಟ ಸಾವಿರ ವರ್ಷದಿಂದ ಮೈಮೇಲೆ ಎಳೆ ಬಟ್ಟೆಯಿಲ್ಲದೆ ನಿಂತಿದ್ದಾನೆ. ನಾಚಿಕೆ ಇದ್ದದ್ದು ಕಲ್ಲಿಗಲ್ಲ, ನಮ್ಮ ನಡುಮನೆಗೆ.

ಆ ನಡುಮನೆಯಲ್ಲಿ ಮೊದಲು ಗಲಾಟೆ ಎಬ್ಬಿಸಿದವರಲ್ಲಿ ಒಬ್ಬರು ಅನಕೃ. ಅವರು ಹುಟ್ಟಿದ್ದು ಕೋಲಾರದಲ್ಲಿ, 1908ರಲ್ಲಿ. ಆದರೆ ಹೆಸರಿನ ಮೊದಲ ‘ಅ’ ಅಂದರೆ ಅರಕಲಗೂಡು. 1950ರ ಆಸುಪಾಸಿನಲ್ಲಿ ವೇಶ್ಯಾವೃತ್ತಿಯನ್ನು ವಸ್ತುವಾಗಿಸಿಕೊಂಡು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದರು. ಅಶ್ಲೀಲ ಅಂತ ಬೈಸಿಕೊಂಡರು. ಸುಮ್ಮನಾಗದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಅಂತ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಹೊಳೆನರಸೀಪುರದ ನಮ್ಮ ದೊಡ್ಡಪ್ಪ ಈ ಪುಸ್ತಕಗಳನ್ನು ಓದಿದ್ದು ಹೇಮಾವತಿ ದಂಡೆಯ ಮೇಲೆ. ಓದಿದ್ದು ಅನ್ನುವುದಕ್ಕಿಂತ ಕೇಳಿದ್ದು ಅನ್ನಬೇಕು. ಅವರ ಗೆಳೆಯ ಓದುತ್ತಿದ್ದ, ಇವರು ಮಲಗಿ ಕೇಳುತ್ತಿದ್ದರಂತೆ. ಮನೆಗೆ ತರುವ ಹಾಗಿರಲಿಲ್ಲವಲ್ಲ. ಇಬ್ಬರೂ ಮೈಸೂರಿನ ರೈಲು ಹತ್ತಿ ಕಾಲೇಜಿಗೆ ಹೋದರು, ಒಂದೇ ರೂಮಿನಲ್ಲಿದ್ದರು. ದೊಡ್ಡಪ್ಪನಿಗೆ ಮದುವೆ ಆಯ್ತು, ಐದು ಮಕ್ಕಳಾದವು. ಗೆಳೆಯ ಮಾತ್ರ ಮದುವೆ ಆಗಲಿಲ್ಲ. ಸಂಜೆಯಾದರೆ ಇಬ್ಬರೂ ಕಿರುಬೆರಳು ಹೆಣೆದುಕೊಂಡು ಪೇಟೆಬೀದಿಯಲ್ಲಿ ನಡೆಯುತ್ತಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಆಗ ಹಾಸನದ ಬಸ್‌ಸ್ಟ್ಯಾಂಡಿನಲ್ಲೂ ಗಂಡಸರು ಹಾಗೇ ನಡೆಯುತ್ತಿದ್ದರು. ಗಂಡ ಹೆಂಡತಿ ಕೈ ಹಿಡಿದಿದ್ದರೆ ಮಾತ್ರ ಊರೆಲ್ಲ ಸುದ್ದಿ!

ನಾನು ಹೈಸ್ಕೂಲಿನಲ್ಲಿದ್ದಾಗ ಆ ಗೆಳೆಯ ತೀರಿಕೊಂಡರು. ಗೆಳೆಯನಿಗೆ ಸೂತಕ ಅಂತ ನಮ್ಮ ಮನೆ ಪದ್ಧತಿಯಲ್ಲಿ ಇಲ್ಲ. ಆದರೂ ದೊಡ್ಡಪ್ಪ ಹನ್ನೊಂದು ದಿನ ಗಡ್ಡ ಬೋಳಿಸಲಿಲ್ಲ. ಅವರು ಯಾಕೆ ಮದುವೆ ಆಗಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಕೇಳಿದೆ. ‘ಅವನಿಗೆ ಒಗ್ಗಲಿಲ್ಲ, ಬಿಡೋ’ ಅಂದರು. ಅಷ್ಟೇ. ಆ ಉತ್ತರದಲ್ಲಿ ಔದಾರ್ಯ ಇತ್ತಾ, ಭಯ ಇತ್ತಾ? ಎರಡೂ ಇದ್ದಿರಬಹುದು.

ಹೆಣ್ಣು-ಗಂಡಿನ ಪ್ರೀತಿಯ ಮಾತು ಮಾತ್ರ ನಿಧಾನಕ್ಕೆ ಹೊರಗೆ ಬಂತು. ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪ 1965ರಲ್ಲಿ ‘ವಂಶವೃಕ್ಷ’ ಬರೆದಾಗ, ವಿಧವೆ ಕಾತ್ಯಾಯನಿ ಮತ್ತೆ ಪ್ರೀತಿಸಿದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಮನೆಮನೆಯ ಚರ್ಚೆಯಾಯಿತು. ಗಂಡಸರ ಹಗೆ ಸ್ನೇಹಗಳಿಗೆ ಸಿನಿಮಾ ಇತ್ತು: ಗೊರೂರರ ಕಥೆಯಿಂದ 1974ರಲ್ಲಿ ಬಂದ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಬದ್ಧ ವೈರಿಗಳಾದ ಅಯ್ಯು, ಗುಳ್ಳ ಕೊನೆಗೆ ಒಂದಾಗುತ್ತಾರೆ. ಗಂಡಸಿಗೆ ಗಂಡಸಿನ ಮೇಲೆ ಹುಟ್ಟುವ ಪ್ರೀತಿಗೆ ಮಾತ್ರ ಎಲ್ಲೂ ಹೆಸರಿರಲಿಲ್ಲ. ಇದ್ದದ್ದು ಒಂದು ನಂಬರ್: ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಬರೆದಿಟ್ಟ 377.

ಆ ನಂಬರಿನ ಕಥೆ ನಿಮಗೆ ಗೊತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೋಡಿಸಿತು. ಅದೇ ವರ್ಷ ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂತು; ಹೇಳದೇ ಉಳಿದದ್ದನ್ನು ಒಬ್ಬರು ಕಥೆ ಮಾಡಿ ಹೇಳಿದ್ದರು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು.

ಇದೆಲ್ಲ ಆಗಬೇಕಾದದ್ದೇ. ಆದರೆ ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಆಫೀಸಿನ ಹುಡುಗರು ಟೀ ಬ್ರೇಕಿನಲ್ಲಿ ಸೆಕ್ಸ್ ಬಗ್ಗೆ ಏನು ಬೇಕಾದರೂ ಮಾತಾಡ್ತಾರೆ. ಆದರೆ ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ ಎರಡು ಸೆಕೆಂಡ್ ಜಾಸ್ತಿ ನಿಂತರೆ ‘ಏನ್ ಮಗಾ, ನೀನು ಅದಾ?’ ಅಂತ ನಗು. ಪ್ರೀತಿಗೆ ಹೆಸರು ಸಿಕ್ಕಿದ್ದೇ ತಡ, ಉಳಿದವರೆಲ್ಲ ಆ ಹೆಸರು ತಮಗೆ ಅಂಟದಿರಲಿ ಅಂತ ಕೈ ಹಿಂದಕ್ಕೆ ಎಳೆದುಕೊಂಡರು.

ಅರಕಲಗೂಡಿನ ಕಡೆಯ ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ತನ್ನ ಸಂಗಾತಿಯ ಜೊತೆ ಇದ್ದಾನೆ. ಅವನು ಒಂದು ಸಲ ಹೇಳಿದ್ದು: ‘ಊರಲ್ಲಿ ನಾವಿಬ್ಬರೂ ಕೈ ಹಿಡಿದು ತಿರುಗಬಹುದು, ನಮಗೆ ಏನಾಗಬೇಕು ಅಂತ ಹೇಳೋ ಹಾಗಿಲ್ಲ. ಇಲ್ಲಿ ಏನಾಗಬೇಕು ಅಂತ ಹೇಳಬಹುದು, ಕೈ ಹಿಡಿದು ತಿರುಗೋಕೆ ಯೋಚನೆ ಮಾಡಬೇಕು.’

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆ ಸಲುಗೆ ನಿಂತಿದ್ದದ್ದು ಮೌನದ ಮೇಲೆ, ಆ ಮೌನಕ್ಕೆ ದೊಡ್ಡಪ್ಪನ ಗೆಳೆಯನಂಥವರು ಒಂದು ಇಡೀ ಆಯುಷ್ಯವನ್ನೇ ತೆತ್ತಿರಬಹುದು. ಅವರು ಈಗ ಇದ್ದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಕಾನೂನಿನ ಕೆಲಸವೂ ಮುಗಿದಿಲ್ಲ: ಇಬ್ಬರು ಗಂಡಸರ ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದಕ್ಕೆ ಕೋರ್ಟಿದೆ, ಹೋರಾಟ ಇದೆ. ಗೆಳೆಯನ ಹೆಗಲ ಮೇಲೆ ಕೈ ಹಾಕಿ, ಯಾರೋ ನಕ್ಕರೂ ತೆಗೆಯದೆ ಇರೋಕೆ ಮಾತ್ರ ಯಾವ ತೀರ್ಪೂ ಬೇಕಾಗಿಲ್ಲ.